ರೂಢಿ ಆಗ್ತೈತೆ

ಭರಮಸಾಗರ
27-7-2025, ಭಾನುವಾರ

ಚಿ. ಸೌ. ಭಾಗ್ಯಳಿಗೆ,

ಬರೆಯುತ್ತಿರುವವಳು ಭರಮಸಾಗರದ ಕೆರೆ ಏರಿ ಕೆಳಗಿನ ದೊಡ್ಡಮನೆಯ ದುರುಗಕ್ಕ, ನಿನ್ನ ಅಜ್ಜಿ. ತುರುವನೂರು ಹೈಸ್ಕೂಲಿನಲ್ಲಿ ಹತ್ತನೇ ತರಗತಿ ಮುಗಿಸಿ ಈ ಮನೆಗೆ ಸೊಸೆಯಾಗಿ ಬಂದವಳು. ನಿನ್ನ ತಾತ ಹೋದ ಮೇಲೆ ಯಾವ ಹೊಲಕ್ಕೆ ಏನು ಬಿತ್ತಬೇಕು, ಯಾರ ಮನೆಯಿಂದ ಹೆಣ್ಣು ತರಬೇಕು, ಯಾರ ಮನೆಗೆ ಕೊಡಬೇಕು ಎಂಬುದೆಲ್ಲ ನನ್ನ ಬಾಯಿಂದಲೇ ತೀರ್ಮಾನವಾಗಿದೆ. ಇದು ನಿನಗೆ ಗೊತ್ತಿಲ್ಲದ್ದಲ್ಲ. ಈ ಕಾಗದ ನಿನ್ನ ಅತ್ತೆಯ ಕೈಗೆ ಸಿಕ್ಕರೆ ಬರೆದವಳು ಯಾರೆಂದು ಆಕೆಗೂ ತಿಳಿಯಲಿ ಎಂದು ಮೊದಲೇ ಹೇಳಿದ್ದೇನೆ. ಫೋನು ಮಾಡಿದರೆ ಆಕೆಯೇ ಎತ್ತುತ್ತಾಳೆ, ನಿನಗೆ ಕೊಟ್ಟರೂ ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂರುತ್ತಾಳೆ. ಅದಕ್ಕೇ ಕಾಗದ. ಇನ್ನು ನಿನ್ನ ಆರೋಗ್ಯ ಕೇಳಬೇಕು. ಕೇಳುತ್ತಿದ್ದೇನೆ. ಆದರೆ ಈ ಸಲ ‘ಚೆನ್ನಾಗಿದೀನಿ ಅಜ್ಜಿ’ ಎಂಬ ಉತ್ತರ ನನಗೆ ಬೇಡ.

ನನ್ನ ಸುದ್ದಿ ಎಂದರೆ ಕನ್ನಡಕದ್ದು. ಯುಗಾದಿ ಕಳೆದ ಮೇಲೆ ಅಕ್ಕಿಯಲ್ಲಿ ಕಲ್ಲು ಕಾಣದಾಯಿತು, ದೂರದಿಂದ ಬರುವವರು ನಮ್ಮವರೋ ಬೇರೆಯವರೋ ತಿಳಿಯದಾಯಿತು. ನಿನ್ನ ಅಪ್ಪ ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿ ಕಣ್ಣು ತೋರಿಸಿದ. ಎಡಗಣ್ಣು ಹೆಚ್ಚು ಮಂಜು, ಬಲಗಣ್ಣು ಪರವಾಗಿಲ್ಲ, ಎರಡಕ್ಕೂ ಬೇರೆ ಬೇರೆ ನಂಬರು ಎಂದು ಡಾಕ್ಟರು ಚೀಟಿ ಬರೆದರು. ಅಲ್ಲಿಂದ ತಾಜುದ್ದೀನ್ ಸಾಹೇಬರ ಕನ್ನಡಕದ ಅಂಗಡಿಗೆ ಹೋದೆವು. ಅವರು ಈಗಿನವರು ಹಾಕುವಂಥ ತೆಳ್ಳನೆಯ ಫ್ರೇಮುಗಳನ್ನು ಮುಂದಿಟ್ಟರು. ನನಗೆ ಅವು ಆಟದ ಸಾಮಾನಿನ ಹಾಗೆ ಕಂಡವು. ನಿನ್ನ ತಾತ ಹಾಕುತ್ತಿದ್ದಂಥ ದಪ್ಪ ಕಪ್ಪು ಫ್ರೇಮು, ಅದಕ್ಕೆ ಗಾಜಿನದೇ ಲೆನ್ಸು ಬೇಕೆಂದೆ. ಭಾರ ಆಗುತ್ತೆ ಅಮ್ಮಾ ಎಂದು ಅವರು ಹೇಳಿದರು. ‘ಹಗುರಾದ್ದು ಹಾಕ್ಕಂಡು ನ್ಯಾಯ ಹೇಳಾಕೆ ಕುಂತ್ರೆ ಯಾರು ಕೇಳ್ತಾರೆ ಸಾಹೇಬ್ರೆ?’ ಎಂದೆ. ಅವರು ನಕ್ಕು ಅದನ್ನೇ ಮಾಡಿಸಿಕೊಟ್ಟರು.

ಹಾಕಿಕೊಂಡ ದಿನದಿಂದ ನೆಮ್ಮದಿ ಇಲ್ಲ. ನೆಲ ಎದ್ದು ಬಂದ ಹಾಗೆ, ಹೊಸ್ತಿಲು ಇದ್ದಲ್ಲಿಂದ ಸರಿದ ಹಾಗೆ. ಮಧ್ಯಾಹ್ನವಾಗುವಷ್ಟರಲ್ಲಿ ಹಣೆ ಸಿಡಿಯುತ್ತಿತ್ತು. ಮೂಗಿನ ಎರಡೂ ಕಡೆ ಕೆಂಪಗೆ ಗುಳಿ ಬಿತ್ತು, ಎಡಗಿವಿಯ ಹಿಂದೆ ಕಡ್ಡಿ ಒತ್ತಿ ಒತ್ತಿ ಚರ್ಮ ಸುಲಿಯಿತು. ನಿನ್ನ ಅಪ್ಪನಿಗೆ ಹೇಳಿದರೆ ‘ಹೊಸದಲ್ವೇನಮ್ಮ, ರೂಢಿ ಆಗ್ತೈತೆ’ ಅಂದ. ಅಂಗಡಿಗೆ ಫೋನು ಮಾಡಿದರೆ ಸಾಹೇಬರೂ ಅದನ್ನೇ ಅಂದರು. ಪಕ್ಕದ ಮನೆಯ ಬಸಮ್ಮನ ನಾಲಿಗೆ ನಿನಗೆ ಗೊತ್ತಲ್ಲ. ‘ಹೊಸಾ ಸೊಸೆ ಇದ್ದಂಗೆ ಕಣಕ್ಕ ಅದು. ಮೊದಮೊದಲು ಮೂಗಿನ ಮೇಲೆ ಕುಂತ್ಕಂತೈತೆ, ಆಮೇಲೆ ಮೆತ್ತಗಾಗ್ತೈತೆ’ ಅಂದಳು. ನಾವಿಬ್ಬರೂ ನಕ್ಕೆವು. ಮತ್ತೆ ಮತ್ತೆ ನೋವು ಹೇಳಿಕೊಳ್ಳುವುದು ನನ್ನ ಜಾಯಮಾನವಲ್ಲ. ಕಿವಿಯ ಹಿಂದೆ ಅರಿಶಿನ ಮೆತ್ತಿದ ಹತ್ತಿ ಇಟ್ಟುಕೊಂಡು ಅದನ್ನೇ ಹಾಕಿಕೊಂಡು ಓಡಾಡಿದೆ. ಹಿತ್ತಲಲ್ಲಿ ನಲ್ಲಿಯ ಹತ್ತಿರ ಮೆಟ್ಟಿಲು ತಪ್ಪಿ ಬಿದ್ದೆ. ಮೊಳಕೈ ಊದಿಕೊಂಡಿತು. ಎದ್ದು ಮತ್ತೆ ಅದನ್ನೇ ಹಾಕಿಕೊಂಡೆ.

ಆ ಕನ್ನಡಕದಲ್ಲೇ ಹೊಳಲ್ಕೆರೆಗೆ, ಎರಡೂ ಮನೆಗೆ ನೆಂಟನಾದ ಪಾಪಣ್ಣನ ಮೊಮ್ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಬಂದಿದ್ದೆ. ನೀನು ನಿನ್ನ ಅತ್ತೆಯ ಜೊತೆ ಹೆಂಗಸರ ಸಾಲಿನಲ್ಲಿ ಕೂತಿದ್ದೆ. ನಿನ್ನ ಮುಖ ನನಗೆ ಎರಡೆರಡಾಗಿ ಕಾಣುತ್ತಿತ್ತು. ನಿನ್ನ ಎಡಗಡೆ ಬಂದು ನಿಂತು ಕರೆದೆ. ನೀನು ತಿರುಗಲಿಲ್ಲ. ಇನ್ನೊಮ್ಮೆ ಕರೆದರೂ ತಿರುಗಲಿಲ್ಲ. ‘ಏನೇ ಭಾಗ್ಯ, ಹೊಸದುರ್ಗದ ಸೊಸೆ ಆದ್ಮೇಲೆ ತವರಿನೋರ ಮಾತು ಕಿವಿಗೆ ಬೀಳಲ್ವೇನೇ?’ ಎಂದು ಎಲ್ಲರೆದುರು ಜೋರಾಗಿ ಅಂದೆ. ಸುತ್ತಲಿದ್ದವರು ನಕ್ಕರು. ನೀನು ಬರೀ ಕತ್ತನ್ನಲ್ಲ, ಇಡೀ ಮೈಯನ್ನು ತಿರುಗಿಸಿ ನನ್ನ ತುಟಿಗಳನ್ನು ನೋಡಿದೆ. ನಿನ್ನ ಕೈ ಎಡಗಿವಿಯ ಮೇಲಿನ ಸೆರಗನ್ನು ಹಿಡಿದುಕೊಂಡಿತ್ತು. ‘ಅವಳದ್ದು ಹಂಗೇ ರೀ, ಎರಡು ಸಲ ಕೂಗಿದ್ರೆ ಒಂದು ಸಲ ಕೇಳಿಸ್ತೈತೆ’ ಎಂದು ನಿನ್ನ ಅತ್ತೆ ತಾಂಬೂಲ ಮಡಿಸುತ್ತಾ ಹೇಳಿದಳು. ಹುಡುಗಿಗೆ ಸೊಕ್ಕು ಬಂದಿದೆ ಎಂದುಕೊಂಡು ನಾನು ಊಟದ ಪಂಕ್ತಿಗೆ ನಡೆದೆ.

ಕಿವಿಯ ಹಿಂದಿನ ಗಾಯ ಕೀವಾದ ಮೇಲೆ, ಕಡ್ಡಿಯನ್ನು ಸ್ವಲ್ಪ ಬಗ್ಗಿಸಿಕೊಡಲಿ ಎಂದು ದುರ್ಗಕ್ಕೆ ಹೋದೆ. ಸಾಹೇಬರು ಕನ್ನಡಕವನ್ನು ಮೆಷಿನ್ನಿಗೆ ಇಟ್ಟು ನೋಡಿದರು, ಚೀಟಿ ನೋಡಿದರು, ಮತ್ತೆ ಮೆಷಿನ್ನು ನೋಡಿದರು. ಅವರ ಮುಖ ಸಣ್ಣದಾಯಿತು. ಎಡಗಣ್ಣಿನ ನಂಬರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಕೂಡಿಸಿದ್ದರು. ಇಷ್ಟು ದಿನ ಹೇಗೆ ತಡೆದುಕೊಂಡಿರಿ ಎಂದು ಕೇಳಿದರು. ರೂಢಿ ಆಗುತ್ತೆ ಎಂದು ನೀವೇ ಹೇಳಿದಿರಲ್ಲ ಎಂದೆ. ‘ಭಾರ ಆದ್ರೆ ರೂಢಿ ಆಗ್ತಿತ್ತಮ್ಮಾ. ಇದು ಭಾರ ಅಲ್ಲ, ತಪ್ಪು. ಮಾಫ್ ಮಾಡ್ರಿ, ತಪ್ಪು ನಮ್ದೇ. ಆದ್ರೆ ನೀವೂ ಮೊದಲ್ನೇ ದಿನಾನೇ ಬಂದು ಹೇಳ್ಬೇಕಿತ್ತು’ ಅಂದರು.

ಮೊದಲನೇ ದಿನವೇ ಹೇಳಬೇಕಿತ್ತು. ನೀನು ಹೇಳಿದ್ದೆ. ಮದುವೆಯಾಗಿ ತಿಂಗಳು ತುಂಬಿರಲಿಲ್ಲ, ಯಾರದೋ ಫೋನಿನಿಂದ ಮಾಡಿ ‘ಅಜ್ಜಿ, ಅವ್ರು ಕೈ ಮಾಡ್ತಾರೆ, ನನ್ ಕೈಲಿ ಇಲ್ಲಿ ಆಗಲ್ಲ’ ಅಂದಿದ್ದೆ. ನಾನು ಅಂದದ್ದು ನಿನಗೂ ನೆನಪಿದೆ, ನನಗೂ ನೆನಪಿದೆ. ಅದನ್ನು ಇಲ್ಲಿ ತಿರುಗಿ ಬರೆಯಬೇಕಾಗಿಲ್ಲ, ಅದೇ ಎರಡು ಪದ.

ಬಸ್ಸಿನಲ್ಲಿ ಬರುವಾಗ ನನ್ನ ಕೈ ತಾನಾಗಿಯೇ ಎಡಗಿವಿಯ ಹಿಂದಕ್ಕೆ ಹೋಗುತ್ತಿತ್ತು. ತೊಟ್ಟಿಲಿನ ದಿನ ನಿನ್ನ ಕೈ ಎಲ್ಲಿತ್ತು ಎಂಬುದು ಆಗ ಕಣ್ಣಿಗೆ ಬಂತು. ಮನೆಗೆ ಬಂದವಳೇ ನಿನ್ನ ಅಮ್ಮನನ್ನು ಅಡಿಗೆಮನೆಯಲ್ಲಿ ನಿಲ್ಲಿಸಿ ಕೇಳಿದೆ. ಶೋಭಾರಾಣಿ ಈ ಮನೆಗೆ ಬಂದ ಮೇಲೆ ನನ್ನೆದುರು ತಲೆಯೆತ್ತಿ ಮಾತಾಡಿದವಳಲ್ಲ. ಹಿಟ್ಟಿನ ಕೈಯಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಚಳಿಗಾಲದಲ್ಲಿ ನಿನ್ನ ಗಂಡ ಹೊಡೆದದ್ದಕ್ಕೆ ಕಿವಿಯ ತಮಟೆ ಹರಿದದ್ದು, ಬಚ್ಚಲಲ್ಲಿ ಜಾರಿ ಬಿದ್ದಳು ಎಂದು ಡಾಕ್ಟರಿಗೆ ಅವನೇ ಹೇಳಿದ್ದು, ಆ ಕಿವಿ ಈಗ ಪೂರಾ ಹೋಗಿರುವುದು, ಅವನ ಕೈ ಇವತ್ತಿಗೂ ನಿಂತಿಲ್ಲ ಎಂಬುದು. ನನಗೆ ಯಾಕೆ ಹೇಳಲಿಲ್ಲ ಎಂದೆ. ‘ನೀವು ರೂಢಿ ಆಗ್ತೈತೆ ಅಂದ್ಮೇಲೆ ಈ ಮನೇಲಿ ಇನ್ನೊಂದು ಮಾತು ಎಲ್ಲೈತೆ ಅತ್ತೆಮ್ಮಾ?’ ಅಂದಳು. ಅವಳು ಅಳಲಿಲ್ಲ. ಅತ್ತಿದ್ದರೆ ನಾನು ಗದರಿಸಿ ಹೊರಗೆ ಹೋಗಬಹುದಿತ್ತು.

ಪಂಚಮಿಗೆ ನಿನ್ನನ್ನು ಕಳಿಸಲು ಕೇಳಿದೆವು. ಮನೆಯಲ್ಲಿ ಕೆಲಸ ಇದೆ, ಕಳಿಸುವುದಿಲ್ಲ ಎಂದು ನಿನ್ನ ಅತ್ತೆ ಹೇಳಿದಳು. ಕರೆದುಕೊಂಡೇ ಬರೋಣ ಎಂದರೆ ನಿನ್ನ ಅಪ್ಪ, ಜನ ಏನಂತಾರೆ, ಬೀಗರ ಜೊತೆ ಕೂತು ಮಾತಾಡೋಣ, ಹಬ್ಬ ಕಳೆಯಲಿ ಅಂದ. ‘ಜನ ಕೇಳಿದ್ರೆ ನನ್ನ ಹೆಸ್ರು ಹೇಳು ಪ್ರಸನ್ನ. ಕೊಟ್ಟೋಳೂ ದುರುಗಕ್ಕ, ಕರ್ಕಂಡು ಬಂದೋಳೂ ದುರುಗಕ್ಕ ಅನ್ನು’ ಎಂದೆ. ಅವನು ಎದ್ದು ಕಾರಿಗೆ ಹೇಳಿಬರಲು ಹೋದ.

ನಿನ್ನ ಕೋಣೆಯಲ್ಲಿ ತುಂಬಿದ್ದ ಶೇಂಗಾ ಚೀಲಗಳನ್ನು ಹಜಾರಕ್ಕೆ ಹಾಕಿಸಿ, ಗುಡಿಸಿ, ಮಂಚ ಹಾಕಿಸಿದ್ದೇನೆ. ಹಬ್ಬಕ್ಕೆ ಜೋಳದ ಅಳ್ಳು ಹುರಿದಾಗಿದೆ, ಎಳ್ಳುಂಡೆ ಕಟ್ಟಿದ್ದೇವೆ. ದುರ್ಗದಲ್ಲಿ ಕಿವಿಯ ಡಾಕ್ಟರನ್ನು ವಿಚಾರಿಸಿದ್ದೇನೆ. ಹೋದ ಕಿವಿ ಬರುತ್ತದೋ ಇಲ್ಲವೋ ನೋಡಿದ ಮೇಲೆ ಹೇಳುತ್ತಾರಂತೆ. ಬರುತ್ತದೆ ಎಂದು ನಾನು ನಿನಗೆ ಸುಳ್ಳು ಹೇಳುವುದಿಲ್ಲ. ಹಿರಿಯರು ಕಿರಿಯರ ಕ್ಷಮೆ ಕೇಳುವ ಪದ್ಧತಿ ನಮ್ಮ ಮನೆಯಲ್ಲಿ ಇಲ್ಲ, ಅದನ್ನು ಈ ಕಾಗದದಲ್ಲಿ ಹುಡುಕಬೇಡ. ಕನ್ನಡಕ ಸರಿಮಾಡಿಸಿ ತಂದಾಗಿದೆ. ಈಗಲೂ ಭಾರವೇ. ಮೂಗಿನ ಗುಳಿ ಮಾಸಿಲ್ಲ. ಆದರೆ ಹೊಸ್ತಿಲು ಇದ್ದಲ್ಲೇ ಕಾಣುತ್ತದೆ.

ಕೊನೆಗೆ ದೀರ್ಘ ಸುಮಂಗಲಿಯಾಗಿ ಬಾಳು ಎಂದು ಬರೆಯುವುದು ನನ್ನ ವಾಡಿಕೆ. ಈ ಸಲ ಪೆನ್ನು ಅದಕ್ಕೆ ಏಳಲಿಲ್ಲ. ಬಾಳು ಎಂದಷ್ಟೇ ಬರೆಯುತ್ತೇನೆ.

ನಿನ್ನ ಅಜ್ಜಿ,
ದುರುಗಕ್ಕ

ಸೋಮವಾರ, ಹೊಸದುರ್ಗ. ಹಾಳೆಯ ಹಿಂದೆ ದೊಡ್ಡದಾಗಿ ಬರೆಯುತ್ತಿದ್ದೇನೆ, ಮೊದಲು ಇದನ್ನೇ ಓದು, ಉಳಿದದ್ದನ್ನು ದಾರಿಯಲ್ಲಿ ಓದಿಕೊಳ್ಳುವೆಯಂತೆ. ಮುತ್ತೈದೆ ತವರಿನಿಂದ ತಂದ ಮಡಿಲಕ್ಕಿಯನ್ನು ಯಾವ ಅತ್ತೆಯೂ ಬೇಡ ಅನ್ನುವುದಿಲ್ಲ, ಬಿಚ್ಚಿ ನೋಡುವುದೂ ಇಲ್ಲ. ಅದಕ್ಕೇ ಅಕ್ಕಿಯ ಕೆಳಗೆ ರವಿಕೆ ಕಣದಲ್ಲಿ ಇದನ್ನು ಇಟ್ಟು, ನಿನ್ನ ಅಮ್ಮನ ಕೈಯಲ್ಲಿ ಒಳಗೆ ಕಳಿಸುತ್ತಿದ್ದೇನೆ. ದೇವರ ಮುಂದೆ ಮಡಿಲಕ್ಕಿ ಇಡುವಾಗ ಓದಿಕೋ. ಬಟ್ಟೆ ಜೋಡಿಸುತ್ತಾ ನಿಲ್ಲಬೇಡ, ಉಟ್ಟ ಸೀರೆಯಲ್ಲೇ ಅಮ್ಮನ ಕೈ ಹಿಡಿದು ಹೊಸ್ತಿಲು ದಾಟು. ನಿನ್ನ ಅಪ್ಪ ಕಾರು ತಿರುಗಿಸಿ ನಿಲ್ಲಿಸಿದ್ದಾನೆ. ಯಾರಾದರೂ ತಡೆದರೆ ಅಜ್ಜಿ ಬಂದಿದ್ದಾಳೆ ಅನ್ನು. ಕರೆಯದೆ ಬೀಗರ ಬಾಗಿಲಿಗೆ ಹೋಗುವವಳಲ್ಲ ನಾನು, ಆದರೂ ಕಾರಿನಿಂದ ಇಳಿದಿದ್ದೇನೆ. ನೀನು ಹೊರಗೆ ಬರುವಾಗ ನಿನ್ನ ಬಲಗಡೆಗೆ ಮೆಟ್ಟಿಲ ಹತ್ತಿರ ನಿಂತಿರುತ್ತೇನೆ. ಆ ಕಡೆಯಿಂದಲೇ ಕೂಗುತ್ತೇನೆ.