ಕಾರ್ಥೇಜಿನ ಕೂಸು

ಇನ್ನೂ ಹೆಸರಿಲ್ಲದ ನನ್ನ ಕೂಸೇ,

ನೀನೀಗ ನಂಜನಗೂಡಿನಲ್ಲಿ, ನನ್ನ ತಂಗಿ ಅರ್ಪಿತಳ ಹೊಟ್ಟೆಯಲ್ಲಿ ಮಗ್ಗುಲು ಬದಲಿಸುತ್ತಿದ್ದೀಯ. ನಾನು ತಿ. ನರಸೀಪುರದ ನಮ್ಮ ಮನೆಯಲ್ಲಿ ಹಳೆಯ ಸೀರೆ ಹರಿದು ನಿನಗೆ ಬಟ್ಟೆ ಹೊಲಿಯುತ್ತಿದ್ದೇನೆ. ಅವಳಿಗೆ ಆಗಲೇ ಎರಡು ಮಕ್ಕಳು, ನನಗೆ ಒಂದೂ ಆಗಲಿಲ್ಲ. ಮೂರನೆಯದು ಅಕ್ಕನಿಗೆ ಎಂದು ಅವಳೇ ಹೇಳಿದಳು. ಅಂದಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಮಧ್ಯಾಹ್ನ ಕಣ್ಣು ಮುಚ್ಚಿದರೆ ಒಂದೇ ಕನಸು. ತಲಕಾಡಿನ ಮರಳಿನಲ್ಲಿ ನಡೆಯುತ್ತಿರುತ್ತೇನೆ. ಮರಳು ಮುಗಿಯುವಲ್ಲಿ ಕಾವೇರಿ ಇರುವುದಿಲ್ಲ, ಸಮುದ್ರ ಇರುತ್ತದೆ. ದಡದಲ್ಲಿ ಕಾರ್ಥೇಜ್ ಎಂಬ ಪಟ್ಟಣ. ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡ ಹೆಂಗಸೊಬ್ಬಳು ಆ ಪಟ್ಟಣದಿಂದ ದೂರ ಹೋಗುತ್ತಿರುತ್ತಾಳೆ. ಎಷ್ಟು ಕರೆದರೂ ತಿರುಗಿ ನೋಡುವುದಿಲ್ಲ.

ಕಾಲೇಜಿನಲ್ಲಿ ಇತಿಹಾಸ ಹೇಳುವವಳಿಗೆ ಇಂಥ ಕನಸೇ ಬೀಳುವುದು, ನಗಬೇಡ. ಆಫ್ರಿಕಾದ ಉತ್ತರದ ಅಂಚಿನಲ್ಲಿದ್ದ ಆ ಊರಿನಲ್ಲಿ, ಸಾವಿರದ ಎಂಟುನೂರು ವರ್ಷಗಳ ಹಿಂದೆ, ಯೇಸುವನ್ನು ನಂಬಿದ್ದಕ್ಕೆ ರೋಮಿನ ಅಧಿಕಾರಿಗಳು ಕೆಲವರನ್ನು ಕಾಡುಮೃಗಗಳ ಮುಂದೆ ಬಿಟ್ಟರು. ಅವರಲ್ಲಿ ಫೆಲಿಸಿಟಿ ಎಂಬ ದಾಸಿ ತುಂಬು ಬಸುರಿ. ಸೆರೆಮನೆಯಲ್ಲೇ ಹೆಣ್ಣುಮಗು ಹೆತ್ತಳು. ಅದೇ ನಂಬಿಕೆಯ ಹೆಂಗಸೊಬ್ಬಳು ಆ ಕೂಸನ್ನು ಸ್ವಂತ ಮಗಳಂತೆ ಸಾಕಿದಳು. ಮುಂದೆ ಅದೇ ಊರಿನಲ್ಲಿ ಬಿಷಪ್ಪರು ಸಭೆ ಸೇರಿ, ಬೈಬಲ್ಲಿನಲ್ಲಿ ಯಾವ ಗ್ರಂಥಗಳಿರಬೇಕೆಂದು ತೀರ್ಮಾನಿಸಿದರು. ಸಾಕಿದವಳ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ. ಅವಳು ನಾನೇ ಎಂದುಕೊಂಡು ಸುಖವಾಗಿದ್ದೆ.

ಹೋದ ಭಾನುವಾರ ನಂಜನಗೂಡಿಗೆ ಹೋಗಿದ್ದಾಗ ನಿನ್ನ ಅಜ್ಜಿ, ನಮ್ಮಮ್ಮ ಮಂಗಳಮ್ಮ, ಪುಡಿಹಾಲಿನ ಡಬ್ಬವೊಂದನ್ನು ನನ್ನ ಚೀಲಕ್ಕೆ ತುರುಕಿದರು. "ಒಂದ್ಸಲ ಹಾಲು ಕುಡಿಸ್ಬುಟ್ರೆ ಅವ್ಳು ಬುಟ್ಟಾಳವ್ವಾ? ಆಸ್ಪತ್ರೆಯಿಂದ್ಲೇ ಎತ್ಕೊಂಡೋಗ್ಬುಡು" ಎಂದರು. ನಾನು ಆಗಲಿ ಎಂದು ತಲೆಯಾಡಿಸಿದೆ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಅರ್ಪಿತ ಒಳಗೆ ಹೋಗಿ ಮಲಗಿದಳು.

ಬಸ್ಸಿನಲ್ಲಿ ಬರುವಾಗ ಕಥೆಯ ಉಳಿದದ್ದು ನೆನಪಾಯಿತು. ಫೆಲಿಸಿಟಿಯನ್ನು ಮೃಗಗಳ ಮುಂದೆ ತಂದಾಗ ಅವಳ ಎದೆಯಿಂದ ಹಾಲು ತೊಟ್ಟಿಕ್ಕುತ್ತಿತ್ತಂತೆ. ಸಾವು ನೋಡಲೆಂದೇ ಬಂದ ಜನ ಕೂಡ ಅದನ್ನು ಕಂಡು ನಡುಗಿದರಂತೆ. ನಾನೋ, ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಗಾಳಿಗೆ ಕೂತಿದ್ದೆ.

ಮನೆ ಸೇರುತ್ತಲೇ ಅರ್ಪಿತಳಿಗೆ ಫೋನ್ ಮಾಡಿದೆ. ಹೆರಿಗೆ ಮುಗಿದ ಮೇಲೆ ಇಲ್ಲಿಗೇ ಬಾ, ನಿನಗೆ ಸಾಕೆನಿಸುವವರೆಗೆ ಹಾಲು ಕುಡಿಸು ಎಂದೆ. "ಅಕ್ಕ, ಆಮ್ಯಾಕೆ ನಂಗೆ ಬುಡಕ್ಕಾಗ್ದೆ ಓದ್ರೆ?" ಎಂದಳು. "ನೀನು ಬಾ, ಆಗ್ ನೋಡಾಣ" ಎಂದೆ.

ಭಯವಾಗುತ್ತಿದೆ ಕಂದ. ಈ ಬಟ್ಟೆಗಳನ್ನೆಲ್ಲ ಮಡಿಚಿ ನಂಜನಗೂಡಿಗೆ ಕಳಿಸಬೇಕಾಗಬಹುದು. ಆದರೆ ನೀನು ನನ್ನ ಮಡಿಲಲ್ಲೇ ಬೆಳೆದರೆ, ಹೆತ್ತವಳು ಯಾರೆಂದು ನಾನೇ ನಿನಗೆ ಹೇಳುತ್ತೇನೆ. ನಿನ್ನೆ ಕನಸಿನಲ್ಲಿ ಆ ಹೆಂಗಸು ಮೊದಲ ಸಲ ನಿಂತಳು. ಕೂಸನ್ನು ಎತ್ತಿಕೊಂಡು ಹೆತ್ತವಳಿದ್ದ ಸೆರೆಮನೆಯ ಕಡೆಗೆ ತಿರುಗಿ ನಡೆದಳು. ನಾನೂ ಅವಳ ಹಿಂದೆ ಹೋದೆ.

ಹೊಟ್ಟೆ ತುಂಬ ಹಾಲು ಕುಡಿ, ಗಟ್ಟಿಯಾಗಿ ಬೆಳೆ. ಯಾರ ತೊಡೆಯ ಮೇಲೆ ಮಲಗಿದ್ದರೂ ನಂಜುಂಡೇಶ್ವರ ನಿನ್ನನ್ನು ಕಾಯಲಿ.

ನಿನಗೆ ಅಮ್ಮನೋ ದೊಡ್ಡಮ್ಮನೋ ಆಗಲಿರುವ,
ಶಿವರಂಜನಿ