ಎದೆ ನಿಲ್ಲುವವರೆಗೆ

ಗದಗ, ೨೧೮೭, ಅಧಿಕ ಶ್ರಾವಣ

ನನ್ನ ಮುತ್ತಜ್ಜಿಗಿಂತ ಹಿಂದಿನವರೇ,

ನೀವು ಇನ್ನೂ ಬದುಕಿರುವ ದಿನಗಳಿಗೆ ಬರೆಯುತ್ತಿದ್ದೇನೆ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ.

ನಮ್ಮ ಕಾಲದಲ್ಲಿ ಚರ್ಮವನ್ನೂ ಮೂಳೆಯನ್ನೂ ಪ್ರಯೋಗಾಲಯದಲ್ಲೇ ಬೆಳೆಸುತ್ತಾರೆ. ಹೃದಯ, ಮೂತ್ರಪಿಂಡ, ಕಣ್ಣು ಮಾತ್ರ ಈಗಲೂ ಮನುಷ್ಯರೇ ಕೊಡಬೇಕು. ಅದಕ್ಕಾಗಿ ಆಸ್ಪತ್ರೆಯಲ್ಲಿ ‘ಕೇಳುಗಿತ್ತಿ’ ಇರುತ್ತಾಳೆ. ಸತ್ತವರ ಮನೆಮಂದಿಯ ಪಕ್ಕ ಕೂರುವುದು, ಒಂದೇ ಸಲ ಕೇಳುವುದು, ಆಮೇಲೆ ಸುಮ್ಮನಿರುವುದು ಅವಳ ಕೆಲಸ. ಒತ್ತಾಯಿಸುವಂತಿಲ್ಲ.

ನನ್ನ ಗಂಡ ಮಾಲತೇಶ ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ. ಹೋದ ಮಾಘದಲ್ಲಿ ಕಂಬದಿಂದ ಬಿದ್ದ. ಮೂರನೆಯ ಬೆಳಿಗ್ಗೆ ವೈದ್ಯರು ಎರಡು ಸಲ ಪರೀಕ್ಷಿಸಿ, ಮಿದುಳು ಸತ್ತಿದೆ, ಇನ್ನು ಮರಳುವುದಿಲ್ಲ ಎಂದರು. ಯಂತ್ರದ ಉಸಿರಿಗೆ ಅವನ ಎದೆ ಏರಿಳಿಯುತ್ತಲೇ ಇತ್ತು.

ಕೇಳುಗಿತ್ತಿ ಕೇಳಿದಳು. ಅತ್ತೆ ಗುರುಸಿದ್ದವ್ವ ಒಪ್ಪಲಾರರು ಎಂದುಕೊಂಡಿದ್ದೆ. ಅವರು ಮಗನ ಪಾದ ಸವರುತ್ತ, “ಕೊಡ್ರಿ. ಮಣ್ಣಾಗ ಇಟ್ಟು ಏನ್ ಮಾಡೂದೈತಿ?” ಎಂದರು.

ನನಗೇ ಆಗಲಿಲ್ಲ. ಅವನ ಎದೆಯ ಮೇಲೆ ಕೈಯಿಟ್ಟಿದ್ದೆ. “ಇನ್ನೂ ಬಡ್ಕೊಳ್ಳಾಕತ್ತೈತ್ರೀ ಅತ್ತಿ. ಮೈ ಬಿಸಿ ಐತಿ. ಹೆಂಗ ಕೊಡ್ಲಿ?” ಎಂದೆ. ಹದಿನಾರು ವರ್ಷ ಜೊತೆಗೆ ಬಾಳಿದ ನಾವು ಅಂಗ ಕೊಡುವ ಮಾತನ್ನು ಒಮ್ಮೆಯೂ ಆಡಿರಲಿಲ್ಲ. ಅವನ ಮನಸ್ಸಿನಲ್ಲಿ ಏನಿತ್ತೋ ನನಗೆ ಗೊತ್ತಿರಲಿಲ್ಲ.

ಅತ್ತೆ ಮಗನ ಪಾದದಿಂದ ಕೈ ತೆಗೆದು ಕೇಳುಗಿತ್ತಿಯ ಕಡೆ ತಿರುಗಿದರು. “ಆಕಿ ಒಲ್ಲೆ ಅಂದ್ರ ನಾನೂ ಒಲ್ಲೆ. ಹಂಗ ಬರ್ಕೋರಿ,” ಎಂದರು. ಕೇಳುಗಿತ್ತಿ ಬರೆದುಕೊಂಡು, ನಮ್ಮಿಬ್ಬರಿಗೂ ನೀರು ತಂದಿಟ್ಟು ಹೋದಳು. ಎಲ್ಲೋ ಯಾರೋ ಆ ಹೃದಯಕ್ಕಾಗಿ ಕಾಯುತ್ತಿದ್ದಾರೆಂದು ನನಗೆ ಆಗಲೂ ತಿಳಿದಿತ್ತು.

ಮಧ್ಯಾಹ್ನ ಯಂತ್ರ ನಿಲ್ಲಿಸಿದರು. ನನ್ನ ಅಂಗೈಯ ಕೆಳಗೆ ಬಡಿತ ನಿಧಾನವಾಯಿತು, ತಪ್ಪಿತು, ನಿಂತಿತು. ಅವನು ಸತ್ತನೆಂದು ನಾನು ನಂಬಿದ್ದು ಆಗಲೇ. ಎದ್ದು ಹೋಗಿ ಕೇಳುಗಿತ್ತಿಯನ್ನು ಹುಡುಕಿ, “ಈಗ ಏನರ ಕೊಡಾಕ ಬರ್ತೈತೇನ್ರಿ?” ಎಂದೆ.

“ಕಣ್ಣು ಕೊಡಬೌದ್ರಿ ಅಕ್ಕಾರ. ಹೃದಯದ್ದು ಹೊತ್ತು ಮೀರೈತಿ,” ಎಂದಳು.

ಕಣ್ಣು ಕೊಟ್ಟೆವು. ಅತ್ತೆ ಅವನ ಹಣೆಗೆ ವಿಭೂತಿ ಹಚ್ಚಿದರು. ಹೃದಯದ ವಿಷಯವಾಗಿ ಅವರು ಇವತ್ತಿನವರೆಗೂ ನನ್ನನ್ನು ಒಂದು ಮಾತು ಅಂದಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎಂದು ಕೆಲವೊಮ್ಮೆ ಅನಿಸುತ್ತದೆ.

ಕೊಡಿ ಎಂದೋ ಬೇಡ ಎಂದೋ ನಿಮಗೆ ಹೇಳುವ ಯೋಗ್ಯತೆ ನನಗಿಲ್ಲ. ನಿಮ್ಮವರಿಗೆ ಬಾಯಿ ಇರುವಾಗಲೇ ಕೇಳಿಬಿಡಿ, ಇಷ್ಟೇ ನನ್ನ ಬೇಡಿಕೆ. ನಿನ್ನೆ ರೊಟ್ಟಿ ತಟ್ಟುತ್ತ ನಾನು ಅತ್ತೆಯನ್ನು ಕೇಳಿದೆ. ಮೊದಲು ಬೈದರು. ಆಮೇಲೆ ಹೇಳಿದರು: “ಎಲ್ಲಾ ಕೊಡವಾ. ಈ ಮಣಕಾಲ ಮಾತ್ರ ಯಾರಿಗೂ ಕೊಡಬ್ಯಾಡ. ಪಾಪ, ಅವ್ರಿಗ್ಯಾಕ ಈ ನೋವು?”

ನಿಮ್ಮ ಮುಂದಿನವಳು,
ನೀಲಗಂಗಾ