ಹಗಲು ಹೊತ್ತು ಮನೆಯಲ್ಲಿರುವವರು

ಸೆಪ್ಟೆಂಬರ್ 15, ಸೋಮವಾರ. ಬೆಳಿಗ್ಗೆ 9:10

ಎಲ್ಲರೂ ಹೋದರು. ಐದು ಮನೆ, ಐದು ಬೀಗದ ಕೈ, ಐದೂ ನನ್ನ ಹೊಲಿಗೆ ಮಷಿನ್ ಪಕ್ಕದ ಮೊಳೆಗೆ. ಮೊದಲ ಮಹಡಿಯ ನಿಂಗರಾಜ ಇವತ್ತೂ ಶೂ ಲೇಸ್ ಕಟ್ಟದೆಯೇ ಓಡಿದ. "ಆಂಟಿ, ಗ್ಯಾಸ್ ಬರತ್ತೆ, ಓಟಿಪಿ ಕಳಿಸ್ತೀನಿ!" ಮಾತು ಮುಗಿಯುವಷ್ಟರಲ್ಲಿ ಗೇಟ್ ದಾಟಿದ್ದ.

ಒಂಬತ್ತರ ಮೇಲೆ ಜರಗನಹಳ್ಳಿಯ ಈ ಬೀದಿಯಲ್ಲಿ ಉಳಿಯುವುದು ನಾಯಿಗಳು, ನಾನು, ಮತ್ತೆ ನಮ್ಮ ಕಟ್ಟಡದ ಎರಡನೇ ಮಹಡಿಯ ಯಲ್ಲಯ್ಯ. ಬಾಡಿಗೆ ಕೈಗೆಟುಕುತ್ತದೆ, ಬಸ್ ಸಿಗುತ್ತದೆ ಅಂತ ಬಂದವರೇ ಎಲ್ಲ. ಮಲಗುವುದಕ್ಕೆ ಬರುತ್ತಾರೆ. ಹಗಲಲ್ಲಿ ಇಲ್ಲಿ ಬಿಸಿಲು ಯಾವ ಗೋಡೆಗೆ ಬೀಳುತ್ತದೆ ಅಂತ ಕೂಡ ಅವರಿಗೆ ಗೊತ್ತಿಲ್ಲ.

ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಇದನ್ನು ಬರೆಯುತ್ತೇನೆ. ಮುಂದೆ ಊರ ಹೆಂಗಸರ ಸೊಂಟ, ತೋಳು, ಕುತ್ತಿಗೆ. ಹಿಂದೆ ನಾನು.

ಹನ್ನೊಂದಕ್ಕೆ ಮೇಲೆ ಹೋಗಬೇಕು. ಮಜ್ಜಿಗೆ ಇನ್ನೂ ಕಡೆದಿಲ್ಲ.

ಸೆಪ್ಟೆಂಬರ್ 18, ಗುರುವಾರ

ಯಲ್ಲಯ್ಯನವರಿಗೆ ಹನ್ನೊಂದರ ಮಾತ್ರೆ ಕೊಡುವುದು ನನ್ನ ಡ್ಯೂಟಿ. ಸ್ಟ್ರೋಕ್ ಆಗಿ ಒಂದು ವರ್ಷ. ಬಲಗೈ ಏಳುವುದಿಲ್ಲ, ಮಾತು ಒಂದೋ ಎರಡೋ ಪದ. ಮಗಳು ಲತಾಮಣಿ ಬಿಟಿಎಂ ಲೇಔಟಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಎಂಟಕ್ಕೆ ಹೋದರೆ ಬರುವುದು ಏಳಕ್ಕೆ. "ಒಂದೈದು ನಿಮಿಷ ಆಂಟಿ, ಮಾತ್ರೆ ನುಂಗ್ಸಿದ್ರೆ ಸಾಕು" ಅಂದಿದ್ದಳು. ಐದು ನಿಮಿಷ ಈಗ ಒಂದೂವರೆ ಗಂಟೆ ಆಗಿದೆ. ಹುಕ್ಸ್ ಹಾಕುವ ಬ್ಲೌಸುಗಳನ್ನು ಅಲ್ಲಿಗೇ ಒಯ್ಯುತ್ತೇನೆ. ಕೆಲಸ ಕೆಡುವುದಿಲ್ಲವಲ್ಲ ಅಂತ ನನಗೆ ನಾನೇ ಸಮಜಾಯಿಷಿ.

ಮೂವತ್ತು ವರ್ಷ ಸಿಟಿ ಬಸ್ ಕಂಡಕ್ಟರ್ ಆಗಿದ್ದವರು. ತುಂಬಿದ ಬಸ್ಸಿನಲ್ಲೂ ಒಂದು ಸಲ ಕಣ್ಣಾಡಿಸಿದರೆ ತಲೆ ಎಷ್ಟು ಅಂತ ಹೇಳುತ್ತಿದ್ದರಂತೆ. ಈಗ ಬಾಲ್ಕನಿಯಲ್ಲಿ ಕೂತು ಬೀದಿ ನೋಡುತ್ತಾರೆ. ನಾನು ಇಡೀ ಬೀದಿಯ ಮೇಲೆ ಚಾಡಿ ಹೇಳುತ್ತೇನೆ, ಅವರು ನಗುತ್ತಾರೆ. ತುಟಿಯ ಎಡಭಾಗ ಮಾತ್ರ ನಗುವುದು. ಅರ್ಧ ನಗುವೇ ಚೆನ್ನಾಗಿದೆ.

ಯಾಕೆ ಬರೆದೆನೋ ಇದನ್ನ.

ಸೆಪ್ಟೆಂಬರ್ 23, ಮಂಗಳವಾರ

ಜಯನಗರ ಫೋರ್ತ್ ಬ್ಲಾಕಿನಲ್ಲಿ ಬೊಟಿಕ್ ಇಟ್ಟಿರುವ ಸೌಮ್ಯ ಮೇಡಂ ಹುಡುಕಿಕೊಂಡು ಬಂದಿದ್ದರು. ನಾನು ಹೊಲಿದ ಬ್ಲೌಸನ್ನು ಯಾವುದೋ ಮದುವೆಯಲ್ಲಿ ನೋಡಿದರಂತೆ. ಟೇಬಲ್ ಮೇಲಿದ್ದ ಇನ್ನೊಂದನ್ನು ಉಲ್ಟಾ ಮಾಡಿ ಒಳಗಿನ ಹೊಲಿಗೆ ನೋಡಿದರು. ಕೆಲಸ ಗೊತ್ತಿರುವವರು.

"ಕಟಿಂಗ್ ಮಾಸ್ಟರ್ ಆಗಿ ಬನ್ನಿ ಇಂದ್ರಾಣಿಯವ್ರೇ. ಹತ್ತರಿಂದ ಆರೂವರೆ, ಭಾನುವಾರ ರಜ. ನವೆಂಬರ್ ಮೂರಕ್ಕೆ ಶುರು. ಅಕ್ಟೋಬರ್ ಕೊನೇಲಿ ಹೇಳಿ, ಸಾಕು."

ಕಟಿಂಗ್ ಮಾಸ್ಟರ್! ಐವತ್ತನಾಲ್ಕನೇ ವಯಸ್ಸಿಗೆ. ಮದುವೆಯಾದ ಹೊಸದರಲ್ಲಿ ಅತ್ತೆ ಹೊರಗೆ ಬಿಡಲಿಲ್ಲ, ಆಮೇಲೆ ಗಂಡನ ಕಾಯಿಲೆ ಬಿಡಲಿಲ್ಲ. ಅವರು ಹೋದ ಮೇಲೆ ಈ ಬಾಡಿಗೆ ಮನೆಗೆ ಬಂದೆ. ಮಕ್ಕಳಿಲ್ಲ, ಯಾರ ಅಡ್ಡಿಯೂ ಇಲ್ಲ, ಆದರೂ ಹದಿನಾಲ್ಕು ವರ್ಷ ಈ ನಾಲ್ಕು ಗೋಡೆಯೇ ಆಯಿತು. ಬ್ಯಾಗ್ ಹಾಕಿಕೊಂಡು, ಡಬ್ಬಿ ಹಿಡಿದುಕೊಂಡು ಬಸ್ಸಿಗೆ ಓಡುವ ಹೆಂಗಸರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಿಜವಾದ ಹೊಟ್ಟೆಕಿಚ್ಚು. ನನಗೆ ಈ ಕೆಲಸ ಬೇಕು.

ಆದರೆ ಹನ್ನೊಂದಕ್ಕೆ ಮೇಲೆ ಯಾರು ಹೋಗುತ್ತಾರೆ?

ಸೆಪ್ಟೆಂಬರ್ 25, ಗುರುವಾರ

ಕಟ್ಟಡಕ್ಕೆಲ್ಲ ಸುದ್ದಿ. ನಿಂಗರಾಜ, "ಆಂಟಿ, ನೀವ್ ಹೋದ್ರೆ ನನ್ ಗ್ಯಾಸ್ ಗತಿ ಏನು?" ಅಂದ. ಎಲ್ಲರಿಗೂ ಅವರವರ ಸಿಲಿಂಡರ್, ಅವರವರ ಕೊರಿಯರ್. ಲತಾಮಣಿ ಮಾತ್ರ ಏನೂ ಕೇಳಲಿಲ್ಲ.

"ಹೋಗಿ ಆಂಟಿ. ಒಳ್ಳೇ ಚಾನ್ಸು," ಅಂದಳು. ಮುಖ ಸಣ್ಣದಾಗಿತ್ತು. ಹಗಲಿಗೆ ಯಾರನ್ನಾದರೂ ಗೊತ್ತು ಮಾಡುತ್ತಾಳಂತೆ. ಪರಿಚಯ ಇಲ್ಲದ ಯಾರೋ ಬಂದು ಯಲ್ಲಯ್ಯನವರ ಬಾಯಿ ಒರೆಸುವುದು…

ಅವರಿಗೆ ನಾನಿನ್ನೂ ಹೇಳಿಲ್ಲ. ಹೇಳಬೇಡ ಅಂತ ಲತಾಮಣಿಗೂ ಅಂದಿದ್ದೇನೆ.

ಅಕ್ಟೋಬರ್ 8, ಬುಧವಾರ. ಮಧ್ಯಾಹ್ನ 1:30

ನನ್ನ ಸೊಟ್ಟ ಅಕ್ಷರ ನೋಡಿ ನನಗೇ ನಗು.

ಸರ್ವೆ ಮೇಡಂ ಬಂದಿದ್ದರು. ಮನೆ ಮನೆಗೆ ಹೋಗಿ ಜನರ ಲೆಕ್ಕ ಬರೆದುಕೊಳ್ಳುವವರು. ಬೀದಿಯಲ್ಲೆಲ್ಲ ಬೀಗ ನೋಡಿ ಸಾಕಾಗಿತ್ತು ಪಾಪ. ನಾನು ಮೇಲೆ ಯಲ್ಲಯ್ಯನವರಿಗೆ ಮಜ್ಜಿಗೆ ಕುಡಿಸುತ್ತಿದ್ದೆ, ಬಾಗಿಲು ತೆರೆದಿತ್ತು. ಬಂದು ಕೂತರು, ಮೊಬೈಲ್ ತೆಗೆದರು.

"ಈ ಮನೇಲಿ ಎಷ್ಟು ಜನ ಇದೀರಮ್ಮ?"

ನಾನು ಬಾಯಿ ತೆಗೆಯುವ ಮೊದಲೇ ಯಲ್ಲಯ್ಯನವರು ಹೇಳಿದರು. "ಮೂರು."

ಸ್ಪಷ್ಟವಾಗಿ. ಒಂದು ವರ್ಷದಿಂದ ಒಂದು ಪದವೂ ಅಷ್ಟು ಸ್ಪಷ್ಟವಾಗಿ ಬಂದಿರಲಿಲ್ಲ.

"ಯಜಮಾನ್ರು, ನೀವು… ಇನ್ನೊಬ್ರು?"

"ಮಗಳು. ಕೆಲಸಕ್ಕೆ ಹೋಗಿದಾಳೆ," ಅಂದೆ. ನಾನೇ ಅಂದೆ!

"ನಿಮ್ ಹೆಸರು?"

"ಇಂದ್ರಾಣಿ."

ಮೊಬೈಲಿನಲ್ಲಿ ಒತ್ತಿಕೊಂಡರು. ಅಲ್ಲ ಮೇಡಂ, ನಾನು ಕೆಳಗಡೆ ಮನೆಯವಳು ಅನ್ನಬಹುದಿತ್ತು. ಬೇಕಾದಷ್ಟು ಟೈಮಿತ್ತು. ಅನ್ನಲಿಲ್ಲ. ಇಳಿದು ಹೋಗುವಾಗ "ಗ್ರೌಂಡ್ ಫ್ಲೋರಲ್ಲಿ ಯಾರಿದಾರೆ?" ಅಂತ ಕೇಳಿದರು. "ಅದು ಬರೀ ಹೊಲಿಗೆ ಅಂಗಡಿ," ಅಂದುಬಿಟ್ಟೆ. ಯಲ್ಲಯ್ಯನವರು ಬೀದಿ ನೋಡುತ್ತ ಕೂತಿದ್ದರು, ಏನೂ ಆಗದವರ ಹಾಗೆ.

ಅದೇ ದಿನ, ಸಂಜೆ

ಲತಾಮಣಿಗೆ ಹೇಳಿದೆ. ಬಿದ್ದು ಬಿದ್ದು ನಕ್ಕಳು. "ಅಪ್ಪಂಗೆ ಈಗ ಲೆಕ್ಕ ತಪ್ಪತ್ತೆ ಆಂಟಿ, ಡಾಕ್ಟ್ರೇ ಹೇಳಿದಾರೆ. ಆ ಮೇಡಂ ಕೊಟ್ಟು ಹೋದ ನಂಬರ್ ಇದೆಯಲ್ಲ, ಫೋನ್ ಮಾಡಿ ಸರಿ ಮಾಡಿಸ್ತೀನಿ."

"ಮಾಡ್ಸಮ್ಮ," ಅಂದೆ. ಕಾಯಿಲೆಯವರ ಒಂದು ಮಾತನ್ನು ನಾನು ಏನೇನು ಅಂದುಕೊಂಡುಬಿಟ್ಟೆ. ನಾಚಿಕೆ ಆಗಬೇಕು ನನಗೆ.

ಅಕ್ಟೋಬರ್ 13, ಸೋಮವಾರ

ಸರ್ವೆ ಆದ ದಿನದಿಂದ ಮಾತ್ರೆ ಕೊಟ್ಟ ತಕ್ಷಣ ಇಳಿದು ಬರುತ್ತಿದ್ದೆ. ಇವತ್ತು ತಡೆಯಲಾಗಲಿಲ್ಲ. ಬಾಲ್ಕನಿಯಿಂದ ಕೆಳಗೆ ತೋರಿಸಿದೆ. "ನೀರಿನ ಟ್ಯಾಂಕರ್ ಹತ್ರ ಎಷ್ಟು ಜನ ಇದಾರೆ, ಹೇಳಿ ನೋಡೋಣ."

ನೋಡಿದರು. "ಏಳು."

ನಾನು ಎಣಿಸಿದರೆ ಆರು. ಮತ್ತೆ ಎಣಿಸಿದೆ. ಟ್ಯಾಂಕರ್ ಹಿಂದೆ ಒಬ್ಬ ಬಗ್ಗಿಕೊಂಡು ಪೈಪ್ ಹಿಡಿದಿದ್ದ. ಏಳು.

"ಮನೇಲಿ?"

"ಮೂರು."

"ನನ್ನೂ ಸೇರ್ಸಿನಾ?"

"ಹೂಂ." ಆಮೇಲೆ ನನ್ನ ಕಡೆ ತಿರುಗಿ, "ತಪ್ಪಾ?"

ಅಳು ಬಂತು. ತಪ್ಪಲ್ಲ ಅಂದೆ. ಈ ಮನುಷ್ಯನನ್ನು ಕಂಡರೆ ನನಗೆ ಪ್ರೀತಿ. ಬರೆದಾಯಿತು, ಇನ್ನು ಹೊಡೆದುಹಾಕುವುದಿಲ್ಲ.

ಆಮೇಲೆ ಬೊಟಿಕ್ ವಿಷಯ ಹೇಳಿದೆ. "ನಾನು ಹೋಗಲ್ಲ. ಆಗಲ್ಲ ಅಂತ ಫೋನ್ ಮಾಡ್ತೀನಿ," ಅಂದೆ. ಎಂಥ ಸಿಟ್ಟು ಬಂತು ಅವರಿಗೆ! ಎಡಗೈಯಲ್ಲಿ ಕುರ್ಚಿ ಗುದ್ದಿದರು. "ಹೋಗು. ಹೋಗು!" ಇಷ್ಟು ದಿನ ಬಹುವಚನ, ಇವತ್ತು ಬೈಯುವುದಕ್ಕಾದರೂ ಹತ್ತಿರ ಬಂದರು.

"ಮತ್ತೆ ನೀವು?" ಅಂದೆ.

ಅವರು ಬೀದಿಯ ಕಡೆ ಮುಖ ತಿರುಗಿಸಿದರು.

ಅಕ್ಟೋಬರ್ 26, ಭಾನುವಾರ

ಲತಾಮಣಿ ಬಂದು ಮಷಿನ್ ಪಕ್ಕದ ಸ್ಟೂಲ್ ಮೇಲೆ ಕೂತಳು. ಬಹಳ ಹೊತ್ತು ಚಿಂದಿ ಬಟ್ಟೆ ಮಡಿಸುತ್ತಿದ್ದಳು.

"ಆ ಸರ್ವೆಯವ್ರಿಗೆ ಫೋನ್ ಮಾಡ್ಲಿಲ್ಲ ಆಂಟಿ ನಾನು. ಅಪ್ಪ ಬೇಡ ಅಂದ್ರು."

ನನಗೆ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ.

"ಅಪ್ಪ ಮೇಲಿದ್ರೆ ಬಿದ್ರೂ ಯಾರಿಗೂ ಗೊತ್ತಾಗಲ್ಲ. ಇಲ್ಲಿ ಬಾಗಿಲಲ್ಲಿ ಕೂತಿದ್ರೆ ಟ್ಯಾಂಕರ್ ನೋರು, ಕೊರಿಯರ್ ನೋರಾದ್ರೂ ನೋಡ್ತಿರ್ತಾರೆ. ಹನ್ನೊಂದ್ ಗಂಟೆ ಮಾತ್ರೆಗೆ ಓನರ್ ಸೊಣ್ಣಮ್ಮ ಬರ್ತಾರಂತೆ, ಹಿಂದಿನ ಬೀದಿ ತಾನೆ." ಮಡಿಸಿದ ಚಿಂದಿಯನ್ನು ಪಕ್ಕಕ್ಕಿಟ್ಟಳು. "ಹಗಲು ಮಾತ್ರ ಅಲ್ಲ. ನಿಮಗೆ ಒಪ್ಪಿಗೆ ಇದ್ರೆ… ನಾವಿಬ್ರೂ ಇಲ್ಲಿಗೇ ಬಂದ್ಬಿಡ್ತೀವಿ."

"ಜನ ಏನಂತಾರೆ ಲತಾ?"

"ಈ ಬೀದೀಲಿ ಜನ ಎಲ್ಲಿದಾರೆ ಆಂಟಿ? ಎಲ್ರೂ ಬಸ್ಸಲ್ಲಿರ್ತಾರೆ."

ನಗು, ಅಳು ಎರಡೂ ಒಟ್ಟಿಗೆ. ಸೊಣ್ಣಮ್ಮನ ಹತ್ತಿರ ಇಬ್ಬರೂ ಹೋದೆವು. "ಅಲ್ಲಾ ಕಣೆ ಇಂದ್ರಾಣಿ, ನಂಗೊಂದ್ ಮನೆ ಖಾಲಿ ಮಾಡ್ಸಿದ್ಯಲ್ಲೇ!" ಅಂತ ಗೊಣಗಿದರು. ಆಮೇಲೆ, ಯಲ್ಲಯ್ಯನಿಗೆ ಮುದ್ದೆ ಮೆತ್ತಗಿರಬೇಕಾ, ಸಾರಿಗೆ ಖಾರ ಎಷ್ಟು ಅಂತ ವಿಚಾರಿಸಿದರು.

ಸೌಮ್ಯ ಮೇಡಂಗೆ ಫೋನ್ ಮಾಡಿದೆ. ಬರ್ತೀನಿ ಅಂದೆ.

ನವೆಂಬರ್ 2, ಭಾನುವಾರ

ಯಲ್ಲಯ್ಯನವರನ್ನು ಇಳಿಸಿದೆವು. ಮೂವತ್ತೆರಡು ಮೆಟ್ಟಿಲು, ಒಂದು ಗಂಟೆ ಹತ್ತು ನಿಮಿಷ. ಪಕ್ಕದಲ್ಲಿ ಲತಾಮಣಿ, ಹಿಂದೆ ನಿಂಗರಾಜ, ಮುಂದೆ ನಾನು ಹಿಮ್ಮುಖವಾಗಿ. ನಿಂಗರಾಜ ಸುಮ್ಮನಿರಬೇಕಲ್ಲ, "ಒಳಗಡೆ ಹೋಗಿ, ಒಳಗಡೆ ಖಾಲಿ ಇದೆ!" ಅಂತ ಕಂಡಕ್ಟರ್ ಥರ ಕೂಗಿದ. ಯಲ್ಲಯ್ಯನವರಿಗೆ ನಕ್ಕು ನಕ್ಕು ಮೆಟ್ಟಿಲ ಮೇಲೇ ಕೂರಬೇಕಾಯಿತು.

ಮಷಿನ್ ಮೂಲೆಗೆ ಸರಿಸಿದೆವು. ಮನೆ ತುಂಬಿಹೋಗಿದೆ. ಕಾಲಿಡಲು ಜಾಗವಿಲ್ಲ. ಚೆನ್ನಾಗಿದೆ.

ನವೆಂಬರ್ 3, ಸೋಮವಾರ. ಬೆಳಿಗ್ಗೆ 8:40

ಬ್ಯಾಗ್, ಡಬ್ಬಿ, ಕತ್ತರಿ. ಕತ್ತರಿ ನನ್ನದೇ ಒಯ್ಯುತ್ತೇನೆ, ಬೇರೆಯವರದು ಕೈಗೆ ಕೂರುವುದಿಲ್ಲ.

ಅವರು ಬಾಗಿಲಲ್ಲಿ ಕೂತಿದ್ದಾರೆ. ಎಲ್ಲರೂ ಬೀಗದ ಕೈಯನ್ನು ಅವರ ಎಡಗೈಗೇ ಕೊಟ್ಟು ಹೋದರು, ನನ್ನನ್ನು ಯಾರೂ ಕೇಳಲಿಲ್ಲ. ನನಗೆ ಭಯ. ಬಿದ್ದರೆ? ಸೊಣ್ಣಮ್ಮ ಮರೆತರೆ? ಇನ್ನೂ ಬ್ಯಾಗ್ ಕೆಳಗಿಡಬಹುದು.

ಗಡಿಯಾರ ತೋರಿಸುತ್ತಿದ್ದಾರೆ. ಹೊರಟೆ.

ಸಂಜೆ 7:35

ಬಸ್ಸಲ್ಲಿ ನಿಂತೇ ಬಂದೆ, ಕಾಲು ಬಿದ್ದುಹೋಗಿದೆ. ಏನು ಕತ್ತರಿಸಿದೆ, ಮೇಡಂ ಏನಂದರು, ಎಲ್ಲ ಆಮೇಲೆ. ಮೊದಲು ಇದು.

ಸಂಜೆಯಾದರೆ ಈ ಬೀದಿಯ ಎಲ್ಲರೂ ಮನೆಗೆ ಬರುವುದನ್ನು ನೋಡಿದ್ದೇನೆ. ನಾನು ಬಂದಿರಲಿಲ್ಲ. ಹೋದವರು ತಾನೇ ಬರುವುದು. ಇವತ್ತು ತಿರುವಿನಲ್ಲಿ ನಿಂತು ನೋಡಿದೆ. ನಮ್ಮ ಮನೆಯಲ್ಲಿ ಲೈಟ್ ಇತ್ತು. ನಾನು ಹಾಕದೆ ಈ ಮನೆಯಲ್ಲಿ ಲೈಟ್ ಹತ್ತಿದ್ದು ಇದೇ ಮೊದಲು.

ನನ್ನನ್ನು ಕಂಡು ಏಳಲು ಹೋದರು. "ಕೂತ್ಕೊಳ್ಳಿ, ಕೂತ್ಕೊಳ್ಳಿ," ಅಂದೆ. ಕೇಳಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಧಾನಕ್ಕೆ ಎದ್ದು ನಿಂತರು.

"ಬಂದ್ಯಾ," ಅಂದರು.

ಬಂದೆ ಅಂದೆ. ಆಮೇಲೆ ಇಬ್ಬರೂ ಒಳಗೆ ಹೋದೆವು, ಲತಾಮಣಿ ಮೂರು ತಟ್ಟೆ ಹಾಕುತ್ತಿದ್ದಳು.